ಹೆಲ್ಮೆಟ್ ಇದೆ ಎಂದು ತಲೆಯಿಂದ ಗುದ್ದಬಹುದೇ? ಅಮೆರಿಕನ್ ಫುಟ್‌ಬಾಲ್ ಆಡುವ ಮಕ್ಕಳು ತಿಳಿಯಬೇಕಾದ್ದು

ಅಮೆರಿಕನ್ ಫುಟ್‌ಬಾಲ್‌ನ ವಿಡಿಯೋ ತುಣುಕು ನಿಮ್ಮ ಮೊಬೈಲಿಗೂ ಬಂದಿರಬಹುದು. ಹೆಲ್ಮೆಟ್ ಹಾಕಿದ ಇಬ್ಬರು ಧಾಂಡಿಗರು ಟಗರುಗಳಂತೆ ತಲೆಗೆ ತಲೆ ಕೊಟ್ಟು ಗುದ್ದಿಕೊಳ್ಳುತ್ತಾರೆ, ಕೆಳಗೆ ನಗುವ ಇಮೋಜಿಗಳು. ನೋಡಿದವರು ಅಂದುಕೊಳ್ಳುವುದು ಒಂದೇ: ಹೆಲ್ಮೆಟ್ ಇದೆಯಲ್ಲ, ಏನೂ ಆಗುವುದಿಲ್ಲ. ಅಮೆರಿಕದ ಶಾಲೆಗಳಲ್ಲಿ ಈ ಆಟಕ್ಕೆ ಹೊಸದಾಗಿ ಸೇರುವ ಹುಡುಗರೂ ಹಾಗೇ ನಂಬಿರುತ್ತಾರೆ. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಅವರಲ್ಲಿದ್ದಾರೆ. ಈ ನಂಬಿಕೆ ತಪ್ಪು, ಅಪಾಯಕಾರಿ ಕೂಡ.

ಒಂದು ತಂಡದಲ್ಲಿ 11 ಜನ. ಚೆಂಡು ತಮ್ಮ ಬಳಿ ಇರುವಾಗ ಮುಂದಿನ ಸಾಲಿನಲ್ಲಿ ಐವರು ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎರಡೂ ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಇವರೇ ಅಫೆನ್ಸಿವ್ ಲೈನ್‌ಮನ್‌ಗಳು. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಆಮೇಲೆ ಇವರಿಗೆ ಚೆಂಡಿನ ಗೊಡವೆ ಇಲ್ಲವೆಂದೇ ಹೇಳಬೇಕು. ಎದುರಾಳಿಗಳನ್ನು ತಡೆಯುವುದೇ ಕೆಲಸ. ಅದಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ಹೆಚ್ಚುಕಡಿಮೆ ಪ್ರತಿ ಸಲವೂ ಡಿಕ್ಕಿ ತಪ್ಪಿದ್ದಲ್ಲ.

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಪಾಡುತ್ತದೆ, ನಿಜ. ಆದರೆ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡಿ: ಚಿಪ್ಪು ಗಟ್ಟಿಯಾಗಿದ್ದರೂ ಒಳಗಿನ ಕೊಬ್ಬರಿ ಲೊಟಲೊಟ ಎನ್ನುತ್ತದೆ. ಮಿದುಳು ಅಷ್ಟು ಸಡಿಲವಾಗಿಲ್ಲ, ದ್ರವದಲ್ಲಿ ತೇಲುತ್ತಿರುತ್ತದೆ. ಆದರೂ ತಲೆ ರಭಸದಿಂದ ಬಂದು ಥಟ್ಟನೆ ನಿಂತರೆ ಅದು ಒಳಗೇ ಕುಲುಕುತ್ತದೆ. ಇದೇ ಕನ್ಕಷನ್. ಹೊರಗಿನ ಹೆಲ್ಮೆಟ್ ಇದನ್ನು ಪೂರ್ತಿ ತಡೆಯಲಾರದು.

ಕತ್ತಿನ ಕಥೆ ಇನ್ನೂ ಗಂಭೀರ. ತಲೆ ಎತ್ತಿರುವಾಗ ಕತ್ತಿನ ಮೂಳೆಗಳ ಸಾಲಿಗೆ ಒಂದು ಸಹಜ ಬಾಗು ಇರುತ್ತದೆ. ಪೆಟ್ಟು ಬಿದ್ದರೆ ಅದು ಸ್ಪ್ರಿಂಗಿನಂತೆ ಬಳುಕುತ್ತದೆ. ಗದ್ದವನ್ನು ಎದೆಯತ್ತ ಬಗ್ಗಿಸಿದರೆ ಸಾಲು ಕೋಲಿನಂತೆ ನೆಟ್ಟಗಾಗುತ್ತದೆ. ಆಗ ನೆತ್ತಿಗೆ ಬಿದ್ದ ಪೆಟ್ಟು ನೇರ ಮೂಳೆಗಳಿಗೆ, ಅಲ್ಲಿಂದ ಬೆನ್ನುಹುರಿಗೆ. ಹೆಲ್ಮೆಟ್ ಗಟ್ಟಿಯಾದಷ್ಟೂ ಆಟಗಾರರು ತಲೆಯನ್ನೇ ಆಯುಧ ಮಾಡಿಕೊಂಡದ್ದು ವಿಪರ್ಯಾಸ. 1968ರ ಒಂದೇ ವರ್ಷದಲ್ಲಿ ಆಟದ ಪೆಟ್ಟಿನಿಂದ ಅಮೆರಿಕದಲ್ಲಿ 36 ಜನ ಸತ್ತರು. 1976ರಲ್ಲಿ ಶಾಲೆ, ಕಾಲೇಜು ಆಟದಲ್ಲಿ ತಲೆಯಿಂದ ಗುದ್ದುವುದನ್ನು ನಿಷೇಧಿಸಿದರು. ಆ ವರ್ಷ ಕತ್ತು ಮುರಿದು ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು 34, ಮರುವರ್ಷ 18. ಹೆಲ್ಮೆಟ್ ಬದಲಾಗಿರಲಿಲ್ಲ, ನಿಯಮ ಬದಲಾಗಿತ್ತು.

ಹಾಗಾದರೆ ತಡೆಯುವುದು ಹೇಗೆ? ಕೆಟ್ಟು ನಿಂತ ಕಾರನ್ನು ತಳ್ಳುವಾಗ ನೀವು ಏನು ಮಾಡುತ್ತೀರಿ? ಮೊಣಕಾಲು ಮಡಿಸಿ, ಸೊಂಟ ತಗ್ಗಿಸಿ, ಕೈ ಕೊಟ್ಟು ಕಾಲಿನ ಬಲದಿಂದ ತಳ್ಳುತ್ತೀರಿ. ಯಾರೂ ತಲೆ ಕೊಟ್ಟು ತಳ್ಳುವುದಿಲ್ಲ. ಬ್ಲಾಕಿಂಗ್ ಕೂಡ ಅಷ್ಟೇ. ಪಾದಗಳು ಭುಜದಷ್ಟು ಅಗಲ, ಬೆನ್ನು ನೇರ, ಕಣ್ಣು ಎದುರಾಳಿಯ ಮೇಲೆ. ಮೊದಲ ಹೆಜ್ಜೆ ಗೇಣುದ್ದಕ್ಕಿಂತ ದೊಡ್ಡದಾಗಬಾರದು. ದೊಡ್ಡ ಹೆಜ್ಜೆ ಇಟ್ಟರೆ ಒಂಟಿ ಕಾಲಲ್ಲಿ ಸಿಕ್ಕಿಬೀಳುತ್ತಾನೆ. ಮೊಣಕೈಗಳು ಪಕ್ಕೆಗೆ ಹತ್ತಿರ, ಹೆಬ್ಬೆರಳು ಮೇಲೆ. ಎರಡೂ ಅಂಗೈ ಎದುರಾಳಿಯ ಎದೆಗೆ, ಕೆಳಗಿನಿಂದ ಮೇಲಕ್ಕೆ. ಕೈ ಹೊರಗೆ ಚಾಚಿ ಅಂಗಿ ಹಿಡಿದು ಎಳೆದರೆ ಹೋಲ್ಡಿಂಗ್ ಎಂದು ತಂಡಕ್ಕೆ ದಂಡ. ಆಮೇಲೆ ಪುಟ್ಟ ಪುಟ್ಟ ಹೆಜ್ಜೆ, ಪಾದ ನಿಲ್ಲುವಂತಿಲ್ಲ. 'ತಗ್ಗಿದವನು ಗೆಲ್ಲುತ್ತಾನೆ' ಎಂದು ಕೋಚ್‌ಗಳು ಹೇಳುವ ಮಾತನ್ನು ಮಕ್ಕಳು ತಲೆ ತಗ್ಗಿಸುವುದು ಎಂದು ತಿಳಿಯುತ್ತಾರೆ. ತಗ್ಗಬೇಕಾದ್ದು ಸೊಂಟ.

ಸರಿಯಾಗಿ ಕಲಿತರೂ ಅಪಾಯ ಸೊನ್ನೆಯಾಗುವುದಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಹೆಸರಾಂತ ಸೆಂಟರ್ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿಗೇ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ಡಾ. ಬೆನೆಟ್ ಒಮಾಲು, ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆಯನ್ನು ಗುರುತಿಸಿದರು. ಡಿಕ್ಕಿಯ ನಂತರ ಮಗುವಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕಂಡರೆ ಅಂದಿನ ಆಟ ಅಲ್ಲಿಗೇ ಮುಗಿಯಬೇಕು. ವೈದ್ಯರು ಒಪ್ಪದೆ ಮತ್ತೆ ಮೈದಾನಕ್ಕೆ ಇಳಿಯಬಾರದು.

ಮಗನ ಅಭ್ಯಾಸದ ವಿಡಿಯೋವನ್ನು ನೆಂಟರ ಗ್ರೂಪಿಗೆ ಹಾಕುವ ಮೊದಲು ಡಿಕ್ಕಿಯ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಎದುರಿನಿಂದ ತೆಗೆದ ವಿಡಿಯೋದಲ್ಲಿ ಅವನ ಮುಖ ಕಾಣಬೇಕು. ಹೆಲ್ಮೆಟ್ಟಿನ ನೆತ್ತಿ ಕಂಡರೆ ಆ ವಿಡಿಯೋವನ್ನು ಮೊದಲು ಕೋಚ್‌ಗೆ ಕಳಿಸಿ.