ಬಣ್ಣದ ಹೆಬ್ಬಾವಿನ ಜಮಾ-ಖರ್ಚು

2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ವಿಮಾನದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. 17 ಕಾಳಿಂಗ ಸರ್ಪ, ಸತ್ತುಹೋಗಿದ್ದ ಆರು ಕ್ಯಾಪುಚಿನ್ ಕೋತಿ ಎಂದಾಗ ಯಾರ ಗಮನವೂ ಅತ್ತಲೇ ಹೋಗುತ್ತದೆ. ಆದರೆ ಆ ಪಟ್ಟಿಯ ದೊಡ್ಡ ಪಾಲು 55 ಬಾಲ್ ಪೈಥಾನ್‌ಗಳದ್ದು, ಅದೂ ಬೇರೆ ಬೇರೆ ಬಣ್ಣದವು. ಘಾನಾ, ಟೋಗೊ, ಬೆನಿನ್ ಸುತ್ತಲಿನ ಈ ಗಿಡ್ಡ ಹೆಬ್ಬಾವು ತನ್ನ ನೆಲದಲ್ಲಿ ಕಂದು-ಕಪ್ಪು ಬಣ್ಣದ್ದು. ಹಳದಿ, ಬಿಳಿ, ಕಿತ್ತಳೆ ಬಣ್ಣಗಳು ಅದರಲ್ಲಿ ಹೆಚ್ಚಿದ್ದು ಬಹುಪಾಲು ಅಮೆರಿಕದ ಹವ್ಯಾಸಿಗಳ ಮನೆಯ ಕೋಣೆಗಳಲ್ಲಿ. ಮೂರು ದಶಕಗಳಿಂದ ಅಲ್ಲಿ ಶಿಕ್ಷಕರು, ಗುಮಾಸ್ತರು, ಲಾರಿ ಚಾಲಕರು ಬಿಡುವಿನ ವೇಳೆಯಲ್ಲಿ ಹಾವು ಜೋಡಿ ಮಾಡಿ ಮರಿ ಮಾರುತ್ತಿದ್ದಾರೆ. ‘ಹವ್ಯಾಸವೇ ತನ್ನ ಖರ್ಚು ದುಡಿದುಕೊಳ್ಳುತ್ತದೆ’ ಎಂಬುದು ಅವರ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಆ ನಂಬಿಕೆ ಮೊದಲು ಬಂದ ಕೆಲವರ ಮಟ್ಟಿಗಷ್ಟೇ ನಿಜ. ಇಲ್ಲಿ ದುಡ್ಡು ತರುವುದು ಹಾವಲ್ಲ, ಅದರೊಳಗಿನ ಒಂದು ವಂಶವಾಹಿ ಬೇರೆಯವರ ಬಳಿ ಇಲ್ಲ ಎಂಬ ಸಂಗತಿ. ಪ್ರತಿ ಮರಿಯನ್ನು ಮಾರಿದಾಗಲೂ ಆ ‘ಇಲ್ಲ’ ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ಚರಿತ್ರೆ ಚಿಕ್ಕದು. 1992ರಲ್ಲಿ ಬಾಬ್ ಕ್ಲಾರ್ಕ್ ಮೊದಲ ಬಾರಿಗೆ ಸೆರೆಯಲ್ಲಿ ಅಲ್ಬಿನೊ ಬಾಲ್ ಪೈಥಾನ್ ಮರಿ ಮಾಡಿಸಿದರು. 1997ರಲ್ಲಿ ಪೀಟರ್ ಕಾಲ್, ಬಿಳಿ ಮೈಯ ನಡುವೆ ಅಲ್ಲಲ್ಲಿ ಬಣ್ಣ ಉಳಿದಿರುವ ಪೈಬಾಲ್ಡ್ ಗುಣ ವಂಶಪಾರಂಪರ್ಯದ್ದೆಂದು ತೋರಿಸಿದರು. ಪೈಬಾಲ್ಡ್ ನಿಜಕ್ಕೂ ಚೆಂದದ ಹಾವು, ಅದನ್ನು ಒಪ್ಪಬೇಕು. ಇಂಥ ಬಣ್ಣಭೇದಗಳನ್ನು ಸಾಕಣೆದಾರರು ‘ಮಾರ್ಫ್’ ಎನ್ನುತ್ತಾರೆ. ಮೊದಮೊದಲ ಅಲ್ಬಿನೊಗಳು ಸಾವಿರಾರು ಡಾಲರಿಗೆ ಹೋದವು. ಕೊಂಡವರು ಯಾರು? ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿ ಸಂತೋಷಪಡುವವರಲ್ಲ, ಮರಿ ಮಾಡಿಸಿ ಮಾರಬೇಕೆಂದಿದ್ದ ಇತರ ಸಾಕಣೆದಾರರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೆನಿಲ್ಲಾ ಧಾರಣೆ ಏರಿದ ಕಾಲದಲ್ಲಿ ಬೀನ್ಸ್ ಮಾರಿದವರಿಗಿಂತ ನೆಮ್ಮದಿಯಾಗಿ ಕಾಸು ಎಣಿಸಿದವರು ಬಳ್ಳಿಯ ತುಂಡು ಮಾರಿದವರು. ಎಲ್ಲರ ತೋಟದಲ್ಲೂ ಬಳ್ಳಿ ಹಬ್ಬಿದ ಮೇಲೆ ಧಾರಣೆಯೂ ಉಳಿಯಲಿಲ್ಲ, ತುಂಡು ಕೇಳುವವರೂ ಉಳಿಯಲಿಲ್ಲ.

ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಮಾರುಕಟ್ಟೆಗಿಂತ ಮೊದಲೇ ಮೆಂಡೆಲನ ನಿಯಮ ತೀರ್ಮಾನಿಸಿರುತ್ತದೆ. ಅಲ್ಬಿನೊ ದುರ್ಬಲ ಗುಣ, ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ತೋರುತ್ತದೆ. ಅಲ್ಬಿನೊ ಗಂಡನ್ನು ಸಾಧಾರಣ ಹೆಣ್ಣಿಗೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಸಾಧಾರಣವಾಗಿಯೇ ಕಾಣುತ್ತವೆ. ಗುಣ ಒಳಗಿದ್ದರೂ ಹೊರಗೆ ಕಾಣದ ಇವನ್ನು ‘ಹೆಟ್’ ಎಂದು ಕರೆಯುತ್ತಾರೆ. ಹೆಟ್ ಹೆಣ್ಣು ಮೊಟ್ಟೆ ಇಡುವಷ್ಟು ಬೆಳೆಯಲು ಸುಮಾರು ಮೂರು ವರ್ಷ ಬೇಕು. ಅಂದರೆ ಕೊಂಡವನ ಕೈಗೆ ಮೊದಲ ಅಲ್ಬಿನೊ ಸಿಗುವಾಗ ನಾಲ್ಕು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಅವನಂತೆಯೇ ಕೊಂಡ ಉಳಿದವರೂ ಅಲ್ಲಿಗೇ ಬಂದು ನಿಂತಿರುತ್ತಾರೆ. ಪಾಸ್ಟೆಲ್ ಎಂಬ ಮಾರ್ಫಿನಂಥ ಗುಣಗಳಲ್ಲಿ ವಂಶವಾಹಿಯ ಒಂದೇ ಪ್ರತಿ ಸಾಕು, ಮೊದಲ ಸಲವೇ ಅರ್ಧದಷ್ಟು ಮರಿಗಳು ಬಣ್ಣದವು. ಆದ್ದರಿಂದ ಅದರ ಬೆಲೆ ಇನ್ನೂ ಬೇಗ ನೆಲಕಚ್ಚಿತು, ಅಲ್ಬಿನೊದಂತೆ ದುರ್ಬಲ ಗುಣವಾದ ಪೈಬಾಲ್ಡ್ ಹೆಚ್ಚು ಕಾಲ ತಾಳಿತು. ಇಂದು ಅಲ್ಬಿನೊ ಮರಿಯ ಬೆಲೆ ನೂರಿನ್ನೂರು ಡಾಲರಿನ ಆಸುಪಾಸಿನಲ್ಲಿದೆ.

ಇದಕ್ಕೆ ಸಾಕಣೆದಾರರ ಉತ್ತರ ಸಿದ್ಧವಿದೆ: ಹಳೆಯ ಗುಣ ಅಗ್ಗವಾದರೆ ಎರಡು ಮೂರು ಗುಣ ಬೆರೆಸಿ ಹೊಸದನ್ನು ಮಾಡೋಣ. ಬೆರೆಸಬಹುದು, ಆದರೆ ಗಣಿತ ಕರುಣೆ ತೋರುವುದಿಲ್ಲ. ಎರಡು ದುರ್ಬಲ ಗುಣಗಳಿಗೆ ಹೆಟ್ ಆದ ಜೋಡಿಯಲ್ಲಿ ಬೇಕಾದ ಮರಿ ಹುಟ್ಟುವ ಸಂಭವ ಹದಿನಾರಕ್ಕೆ ಒಂದು. ಬಾಲ್ ಪೈಥಾನ್ ಒಂದು ಸಲಕ್ಕೆ ಇಡುವುದು ಸರಾಸರಿ ಆರು ಮೊಟ್ಟೆ. ಆರರಲ್ಲಿ ಒಂದಾದರೂ ಬೇಕಾದದ್ದು ಬರುವ ಸಾಧ್ಯತೆ ಶೇ 32. ಮೂರು ಹೆಣ್ಣುಗಳನ್ನಿಟ್ಟು 18 ಮೊಟ್ಟೆ ಪಡೆದರೂ ಬರಿಗೈಯಾಗುವ ಸಾಧ್ಯತೆ ಶೇ 31 ಉಳಿದೇ ಇರುತ್ತದೆ. ಗುರಿ ತಪ್ಪಿದ ಮರಿಗಳೂ ಉಣ್ಣುತ್ತವೆ, ಅವನ್ನೂ ಮಾರಬೇಕು. ಪ್ರತಿ ಅಪರೂಪದ ಹಾವಿನ ಹಿಂದೆ ಅಗ್ಗದ ಹಾವುಗಳ ಒಂದು ರಾಶಿ ಹುಟ್ಟುತ್ತದೆ, ಆ ರಾಶಿ ಇಡೀ ಪೇಟೆಯ ಬೆಲೆಯನ್ನು ಕೆಳಗೆಳೆಯುತ್ತದೆ. ಅಂದರೆ ಬೆಲೆಯಿಳಿತಕ್ಕೆ ಮದ್ದೆಂದು ಹೂಡಿದ ಉಪಾಯವೇ ಬೆಲೆಯನ್ನು ಇನ್ನಷ್ಟು ಇಳಿಸುತ್ತದೆ.

ಬಣ್ಣದ ಬೆಲೆ ಇಳಿದರೂ ಇಲಿಯ ಬೆಲೆ ಇಳಿಯುವುದಿಲ್ಲ. ಬೆಳೆದ ಹೆಣ್ಣು ಹತ್ತು ದಿನಕ್ಕೊಂದು ಇಲಿ ತಿನ್ನುತ್ತದೆ, ಒಂದು ಇಲಿಗೆ ಮೂರು ಡಾಲರ್ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 110 ಡಾಲರ್. ಆರು ಸಾಧಾರಣ ಮರಿಗಳನ್ನು ತಲಾ 50 ಡಾಲರಿಗೆ ಮಾರಿದರೆ ಬರುವುದು 300. ಅದರಲ್ಲಿ ತಾಯಿಯನ್ನು ಮೂರು ವರ್ಷ ಸಾಕಿದ ಖರ್ಚು, ಗಂಡಿನ ಆಹಾರ, ಸುಮಾರು ಎರಡು ತಿಂಗಳು ಮೊಟ್ಟೆಗಳನ್ನು 31-32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುವ ಪೆಟ್ಟಿಗೆಯ ವಿದ್ಯುತ್ತು, ಪ್ರದರ್ಶನದ ಮೇಜಿನ ಬಾಡಿಗೆ ಎಲ್ಲವನ್ನೂ ಕಳೆಯಬೇಕು. ಕೆಲವು ಮರಿಗಳು ತಿನ್ನುವುದೇ ಇಲ್ಲ. ನಾಲ್ಕಾರು ಸಲ ತಿಂದು ತೋರಿಸದ ಮರಿಯನ್ನು ಮರ್ಯಾದಸ್ಥ ಸಾಕಣೆದಾರ ಮಾರುವುದೂ ಇಲ್ಲ. ಎಲ್ಲ ಹೆಣ್ಣೂ ಪ್ರತಿ ವರ್ಷ ಮೊಟ್ಟೆ ಇಡುವುದಿಲ್ಲ. ಅಮೆರಿಕದ ಅಂಚೆ ಹಾವನ್ನು ಸ್ವೀಕರಿಸುವುದಿಲ್ಲ, ಖಾಸಗಿ ಕೊರಿಯರ್‌ನಲ್ಲಿ ರಾತ್ರೋರಾತ್ರಿ ಕಳಿಸುವ ಖರ್ಚು ಅಗ್ಗದ ಮರಿಯ ಬೆಲೆಯನ್ನೇ ಮೀರಬಹುದು. ಖರ್ಚು ತಗ್ಗಿಸಲು ಹಲವರು ಇಲಿಗಳನ್ನೂ ತಾವೇ ಸಾಕುತ್ತಾರೆ. ಆಗ ಹವ್ಯಾಸ ಒಂದಲ್ಲ, ಎರಡು. ಎರಡನೆಯದನ್ನು ಯಾರೂ ಪ್ರೀತಿಯಿಂದ ಆರಿಸಿಕೊಂಡದ್ದಲ್ಲ.

ಈ ಲೆಕ್ಕ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ‘ಸ್ಪೈಡರ್’ ಮಾರ್ಫಿಗಿಂತ ವಿಚಿತ್ರ ಉದಾಹರಣೆ ಸಿಗದು. ಜೇಡನ ಬಲೆಯಂಥ ಸಣ್ಣ ಗೆರೆಗಳ ಈ ಹಾವನ್ನು 1999ರಲ್ಲಿ ಕೆವಿನ್ ಮೆಕರ್ಲಿ ಮರಿ ಮಾಡಿಸಿದರು. ಇಂದಿನ ಸ್ಪೈಡರ್‌ಗಳೆಲ್ಲ ಆಫ್ರಿಕಾದಿಂದ ಬಂದ ಒಂದೇ ಹಾವಿನ ಸಂತತಿ ಎನ್ನುತ್ತಾರೆ. ಗುಣ ಪ್ರಬಲವಾದದ್ದರಿಂದ ಯಾವ ಹಾವಿಗೆ ಕೂಡಿಸಿದರೂ ಅರ್ಧ ಮರಿಗಳು ಸ್ಪೈಡರ್. ಪಾಸ್ಟೆಲ್ ಜತೆ ಬೆರೆತರೆ ‘ಬಂಬಲ್‌ಬೀ’. ಸಾಕಣೆದಾರನ ಪಾಲಿಗೆ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಇಲ್ಲ. ತೊಡಕು ಒಂದೇ: ಈ ಹಾವುಗಳ ತಲೆ ಅಲುಗಾಡುತ್ತದೆ. ಕೆಲವಕ್ಕೆ ಸಣ್ಣ ಕಂಪನ. ಕೆಲವು ಕತ್ತು ತಿರುಚಿ ಅಂಗಾತ ಹೊರಳುತ್ತವೆ, ಇಲಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಅಲುಗಾಟಕ್ಕೆ ಸಾಕುವ ರೀತಿಯೇ ಕಾರಣವೆಂದೂ ಅದರಿಂದ ಹಾವಿಗೇನೂ ತೊಂದರೆಯಿಲ್ಲವೆಂದೂ ವಾದಿಸುವವರು ವರ್ಷಗಟ್ಟಲೆ ಇದ್ದರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ಪೈಡರ್‌ಗಳ ಒಳಕಿವಿಯನ್ನು ಸ್ಕ್ಯಾನ್ ಮಾಡಿ ನೋಡಿತು: ಸಮತೋಲ ಕಾಯುವ ಅರ್ಧವೃತ್ತಾಕಾರದ ನಾಳಗಳೂ ಅವುಗಳ ಪಕ್ಕದ ಚೀಲವೂ ವಿಕಾರಗೊಂಡಿದ್ದವು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಟಲಾಜಿಕಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಲ್ಲಿಸಿತು. ಆದರೂ ಬೇರೆಡೆ ಮಾರಾಟ ನಡೆದೇ ಇದೆ. ಇದಕ್ಕೆ ಕ್ರೌರ್ಯವನ್ನು ಕಾರಣವಾಗಿ ಹುಡುಕಬೇಕಿಲ್ಲ. ಹೂಡಿದ ಹಣ ವಾಪಸು ಬರಲು ಇನ್ನೊಂದು ಸುತ್ತು ಮರಿ ಬೇಕು, ನಿಲ್ಲಿಸುವವನ ನಷ್ಟ ಅವನೊಬ್ಬನದೇ. ಇಂಥ ಕಡೆ ಕಣ್ಣು ಕಂಡದ್ದನ್ನು ಲೆಕ್ಕ ನಂಬಗೊಡುವುದಿಲ್ಲ.

‘ಇದು ಹವ್ಯಾಸ, ಲಾಭ ಯಾರಿಗೆ ಬೇಕು’ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅಮೆರಿಕದ ತೆರಿಗೆ ಇಲಾಖೆ ಆ ಮಾತನ್ನು ಹಾಗೇ ಬಿಡುವುದಿಲ್ಲ. ಐದು ವರ್ಷದಲ್ಲಿ ಮೂರು ವರ್ಷ ಲಾಭ ಬಂದರೆ ಅದು ವ್ಯವಹಾರವೆಂದು ಭಾವಿಸುತ್ತದೆ. ಹವ್ಯಾಸವೆಂದಾದರೆ ಬಂದ ಹಣಕ್ಕೆ ತೆರಿಗೆ ಉಂಟು, ಖರ್ಚನ್ನು ಕಳೆಯಲು ಅವಕಾಶವಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಮನೆಯಲ್ಲಿ ಮರಿ ಮಾಡಿಸಿದರೆ ಕಾಡಿನ ಹಾವು ಉಳಿಯುತ್ತದೆ. ಅಮೆರಿಕದ ಪೇಟೆಯಲ್ಲಿ ಸಾಕಿದ ಮರಿಗಳೇ ತುಂಬಿರುವುದು ನಿಜ. ಆದರೆ ಟೋಗೊ, ಘಾನಾ, ಬೆನಿನ್‌ಗಳಲ್ಲಿ ಕಾಡಿನಿಂದ ಮೊಟ್ಟೆಯನ್ನೋ ಬಸುರಿ ಹೆಣ್ಣನ್ನೋ ತಂದು ಮರಿ ಮಾಡಿಸಿ ರಫ್ತು ಮಾಡುವ ವ್ಯವಹಾರ ನಿಂತಿಲ್ಲ. ಹೊಸ ಮೂಲಗುಣ ಹುಟ್ಟುವುದು ಹೆಚ್ಚಾಗಿ ಕಾಡಿನಲ್ಲೇ. ಬಣ್ಣದ ಹಸಿವು ಆ ದಾರಿಯನ್ನು ತೆರೆದೇ ಇಡುತ್ತದೆ.

ಯಾವ ಲೆಕ್ಕಪುಸ್ತಕದಲ್ಲೂ ಇಲ್ಲದ ಖರ್ಚೆಂದರೆ ಆಯುಷ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ಮೇಲೆ, ಏಳು ಮೊಟ್ಟೆ ಇಟ್ಟಿತು. ಅದಕ್ಕೆ ಮುಂಚಿನ ಹದಿನೈದಕ್ಕೂ ಹೆಚ್ಚು ವರ್ಷ ಅದು ಗಂಡನ್ನು ಕಂಡಿರಲಿಲ್ಲ. ಸಾಧಾರಣವಾಗಿಯೂ ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಬೆಲೆ ಮಾತ್ರ ಐದಾರು ವರ್ಷಕ್ಕೆ ಸಾಯುತ್ತದೆ. ನಡುವಿನ ವರ್ಷಗಳ ಖರ್ಚು ಕೊನೆಯ ಕೊಳ್ಳುಗನ ತಲೆಗೆ, ಇಲ್ಲವೇ ಬಿಟ್ಟುಹೋದ ಹಾವುಗಳನ್ನು ಸಾಕುವ ಸಂಸ್ಥೆಗಳ ತಲೆಗೆ. ಕಾನೂನಿನ ಅಪಾಯ ಬೇರೆ. 2012ರಲ್ಲಿ ಅಮೆರಿಕ ಬರ್ಮೀಸ್ ಹೆಬ್ಬಾವು ಸೇರಿ ನಾಲ್ಕು ಜಾತಿಗಳನ್ನು ಹಾನಿಕಾರಕವೆಂದು ಪಟ್ಟಿ ಮಾಡಿದಾಗ ಅವನ್ನು ಸಾಕುತ್ತಿದ್ದವರ ಅಂತರರಾಜ್ಯ ಮಾರುಕಟ್ಟೆ ಒಮ್ಮೆಗೇ ಮುಚ್ಚಿತು. ಆ ನಿರ್ಬಂಧಕ್ಕೆ ಕಾನೂನಿನ ಬೆಂಬಲವಿಲ್ಲ ಎಂದು ನ್ಯಾಯಾಲಯ ಹೇಳುವಾಗ 2017.

ಬೆಂಗಳೂರಿನ ಹೆಬ್ಬಾವುಗಳ ಅರ್ಥ ಈಗ ಬಿಡಿಸಿಕೊಳ್ಳಬಹುದು. ಅಮೆರಿಕದಲ್ಲಿ ತೀರಿಹೋದ ವಿರಳತೆ ಇಲ್ಲಿ ಇನ್ನೂ ತೀರಿಲ್ಲ. ಅಲ್ಲಿ ಅಗ್ಗವಾದ ಬಣ್ಣ ಇಲ್ಲಿ ಪ್ರತಿಷ್ಠೆ, ಕಳ್ಳಸಾಗಣೆಯ ಲಾಭವೆಲ್ಲ ಆ ಅಂತರದ್ದು. ನಮ್ಮ ನೆಲದ ಹಾವುಗಳನ್ನು ಸಾಕುವುದನ್ನೂ ಮಾರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳಿಂದ ಬಾಲ್ ಪೈಥಾನ್‌ನಂಥ ವಿದೇಶಿ ಜೀವಿಗಳ ನೋಂದಣಿಯೂ ಕಡ್ಡಾಯ. ಹುಟ್ಟು, ಸಾವು, ಕೈ ಬದಲಾವಣೆ ಎಲ್ಲವನ್ನೂ ತಿಳಿಸಬೇಕು. ಕಾನೂನುಬದ್ಧವಾಗಿ ಸಾಕಿದರೆ ಇದು ಯುವಕರಿಗೆ ಉಪಕಸುಬಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಯಾಕೆಂದರೆ ಸಾಕಣೆ ಹಬ್ಬಿದ ದಿನವೇ ಆ ಅಂತರ ಮುಚ್ಚುತ್ತದೆ. ಆಮೇಲೆ ಕೈಯಲ್ಲಿ ಉಳಿಯುವುದು ಇಲಿಯ ಖರ್ಚು ಮತ್ತು ಮೂವತ್ತು ವರ್ಷದ ಹೊಣೆ. ಹಾವಿನ ಮೇಲೆ ಮೋಹವಿರುವವರು ನೋಂದಾಯಿಸಿ ಒಂದನ್ನು ಸಾಕಲಿ, ಅದಕ್ಕೆ ತಗಲುವ ಹಣವನ್ನು ಖರ್ಚು ಎಂದೇ ಬರೆದುಕೊಳ್ಳಲಿ. ಜೋಡಿ ಕೊಂಡು ಬಂಡವಾಳ ಎಂದು ಬರೆದವರು, ತಮ್ಮ ಮರಿಗಳನ್ನು ಕೊಳ್ಳುವವನು ಮತ್ತೆ ಯಾರಿಗೆ ಮಾರುತ್ತಾನೆ ಎಂಬುದಕ್ಕೆ ಮೊದಲು ಉತ್ತರ ಕೊಡಬೇಕಾಗುತ್ತದೆ.