ನಿಂತರೆ ನೇಣು, ಹೊರಟರೆ ಅಲೆಮಾರಿ

'ಜಿಪ್ಸಿ' ಎಂಬ ಪದ ನಿಮಗೆ ಹೊಸದಲ್ಲ. ಆ ಹೆಸರಿನ ಜೀಪನ್ನೂ ನಮ್ಮ ರಸ್ತೆಗಳಲ್ಲಿ ನೀವು ನೋಡಿರಬಹುದು. ಈ ಪದ ಹುಟ್ಟಿದ್ದೇ ಒಂದು ತಪ್ಪಿನಿಂದ. ಯೂರೋಪಿಗೆ ಬಂದ ರೋಮಾ ಜನರನ್ನು ಅಲ್ಲಿನವರು ಈಜಿಪ್ಟ್ ದೇಶದವರೆಂದು ಭಾವಿಸಿದರು. 'ಈಜಿಪ್ಷಿಯನ್' ಎಂಬುದೇ ಸವೆದು ಸವೆದು 'ಜಿಪ್ಸಿ' ಆಯಿತು. ರೋಮಾ ಜನರಲ್ಲಿ ಅನೇಕರಿಗೆ ಇಂದು ಅದು ಬೈಗುಳದಂತೆ ಕೇಳಿಸುತ್ತದೆ.

ಹಾಗಾದರೆ ಅವರು ಎಲ್ಲಿಯವರು? ಅವರು ಎಣಿಸುವುದನ್ನು ಕೇಳಿ: ಯೆಕ್, ದುಯ್, ತ್ರಿನ್, ಶ್ತಾರ್, ಪಾಂಜ್. ನೀರಿಗೆ 'ಪಾನಿ', ಮನುಷ್ಯನಿಗೆ 'ಮನುಷ್'. ಹಿಂದಿ ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ಏಳು, ಎಂಟು, ಒಂಬತ್ತಕ್ಕೆ ಮಾತ್ರ ಅವರು ಗ್ರೀಕ್ ಪದಗಳನ್ನು ಬಳಸುತ್ತಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟ ಇವರ ಪೂರ್ವಿಕರು ಗ್ರೀಕ್ ಮಾತಾಡುವ ನಾಡುಗಳಲ್ಲಿ ಬಹುಕಾಲ ತಂಗಿದ್ದರೆಂಬುದಕ್ಕೆ ಇದೇ ಸಾಕ್ಷಿ. ಜರ್ಮನ್ ವಿದ್ವಾಂಸ ರೂಡಿಗರ್ 1782ರಲ್ಲಿಯೇ ಈ ನಂಟನ್ನು ಬರೆದು ತೋರಿಸಿದ್ದರು.

'ಒಂದು ಕಡೆ ನಿಲ್ಲದವರು, ಆದ್ದರಿಂದ ನಂಬಲಾಗದವರು' ಎಂಬುದು ಇವರ ಮೇಲಿನ ಹಳೆಯ ಆರೋಪ. ಆದರೆ ಇವರನ್ನು ನಿಲ್ಲಲು ಬಿಟ್ಟವರು ಯಾರು? 1530ರಲ್ಲಿ ಇಂಗ್ಲೆಂಡಿನ ಕಾಯಿದೆಯೊಂದು ಇವರು ದೇಶ ಬಿಟ್ಟು ತೊಲಗಬೇಕೆಂದಿತು. 1554ರ ಕಾಯಿದೆ ಹೋಗದೆ ಉಳಿದವರಿಗೆ ಮರಣದಂಡನೆ ವಿಧಿಸಿತು. ನೆಲೆಯೂರಿದವರಿಗಾದರೂ ರಕ್ಷಣೆಯಿತ್ತೇ? ಸ್ಪೇನಿನಲ್ಲಿ ಕಸುಬು ಮಾಡಿಕೊಂಡು, ಮನೆ ಹೂಡಿದ್ದವರನ್ನೂ ಸೇರಿಸಿ ಸಾವಿರಾರು ಮಂದಿಯನ್ನು 1749ರ ಜುಲೈ ಕೊನೆಯಲ್ಲಿ ಏಕಕಾಲಕ್ಕೆ ಸೆರೆಹಿಡಿಯಲಾಯಿತು. ಇಂದಿನ ರುಮೇನಿಯಾದ ಭಾಗಗಳಲ್ಲಂತೂ ಇದಕ್ಕೆ ತೀರ ವಿರುದ್ಧ. ಅಲ್ಲಿ ಅರಸರು, ಜಮೀನ್ದಾರರು, ಕ್ರೈಸ್ತ ಮಠಗಳು (ಹೌದು, ಮಠಗಳೂ!) ಇವರನ್ನು ಗುಲಾಮರನ್ನಾಗಿ ಇಟ್ಟುಕೊಂಡು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಆ ಪದ್ಧತಿ ಕೊನೆಗೊಂಡದ್ದು 1855-56ರಲ್ಲಿ.

ನಾಜಿಗಳು ಇವರನ್ನು ಹುಟ್ಟಾ ಅಪರಾಧಿಗಳೆಂದರು. 1944ರ ಆಗಸ್ಟ್ 2ರ ರಾತ್ರಿ ಆಷ್‌ವಿಟ್ಸ್-ಬಿರ್ಕೆನೌ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ರೋಮಾ ಜನರನ್ನು, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರನ್ನು, ವಿಷಾನಿಲದಿಂದ ಕೊಂದರು. ಯುದ್ಧ ಮುಗಿದ ಮೇಲಾದರೂ ನ್ಯಾಯ ಸಿಕ್ಕಿತೇ? 1956ರಲ್ಲಿ ಪಶ್ಚಿಮ ಜರ್ಮನಿಯ ಅತ್ಯುನ್ನತ ನ್ಯಾಯಾಲಯವೇ, 1943ಕ್ಕೆ ಮೊದಲಿನ ಕಿರುಕುಳ ಜನಾಂಗದ್ವೇಷದ್ದಲ್ಲ, ಅದು ಅಪರಾಧ ತಡೆಯುವ ಕ್ರಮ ಎಂದು ಹೇಳಿತು! ಬದುಕುಳಿದ ಅನೇಕರು ಇದರಿಂದ ಪರಿಹಾರ ಕಳೆದುಕೊಂಡರು. ಜರ್ಮನ್ ಸರ್ಕಾರ ಇದು ಜನಾಂಗಹತ್ಯೆಯೆಂದು ಒಪ್ಪಿಕೊಂಡದ್ದು 1982ರಲ್ಲಿ.

ಈಗ ನಿಮ್ಮ ವಯಸ್ಸಿನವರ ಮಾತಿಗೆ ಬರೋಣ. ಚೆಕ್ ಗಣರಾಜ್ಯದ ಒಸ್ತ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಸಾಮಾನ್ಯವಾಗಿ ಕಳುಹಿಸಲಾಗುತ್ತಿತ್ತು. ಪರೀಕ್ಷೆ ನಡೆಸಿಯೇ ಕಳುಹಿಸುತ್ತಿದ್ದರು. ಆದರೆ ಆ ಪರೀಕ್ಷೆ ಬಹುಸಂಖ್ಯಾತರ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ್ದು. ಹದಿನೆಂಟು ಮಕ್ಕಳ ಪರವಾಗಿ 2000ದಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಹೋಯಿತು. ಇದು ತಾರತಮ್ಯವೆಂದು 2007ರ ನವೆಂಬರ್‌ನಲ್ಲಿ ತೀರ್ಪು ಬಂತು. ಅಷ್ಟು ಹೊತ್ತಿಗೆ ಆ ಹದಿನೆಂಟು ಮಂದಿಯೂ ಪ್ರಾಥಮಿಕ ಶಾಲೆಯ ವಯಸ್ಸನ್ನು ದಾಟಿದ್ದರು.