ಮಳೆಯಿಲ್ಲದ ಊರಿಗೆ ಬರುವ ಹೊಳೆ

ಹೆದರಿಸಬೇಕೆಂದರೆ ನಮ್ಮ ಸಿನಿಮಾ ಮಲೆನಾಡು, ಕರಾವಳಿಯ ಕಡೆಗೇ ಹೊರಡುತ್ತದೆ. ಮಂಜು, ಜಡಿಮಳೆ, ಹಳೇ ಬಂಗಲೆ. 2013ರ ‘6-5=2’ ಚಾರಣಕ್ಕೆ ಹೋದವರನ್ನು ಕಾಡಿನಲ್ಲಿ ದಾರಿ ತಪ್ಪಿಸಿತು. 2015ರ ‘ರಂಗಿತರಂಗ’ ಕಮರೊಟ್ಟು ಎಂಬ ಹಸಿರು ಹಳ್ಳಿಯನ್ನೇ ಕಟ್ಟಿತು. ಎರಡೂ ಗೆದ್ದವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಪವನ್ ಕುಮಾರ್ ಅವರ ‘ಯೂ ಟರ್ನ್’ (2016). ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ, ನಡುವಿನ ಕಲ್ಲು ಸರಿಸಿ ಬೈಕ್ ತಿರುಗಿಸುವ ಸವಾರರು, ಅಷ್ಟೇ. ದಿನಾ ಓಡಾಡುವ ದಾರಿಯೇ ನಂಬಿಕೆಗೆ ಎರವಾದರೆ ಮಂಜು ಬೇಕಿಲ್ಲ.

ಹಾಗಾಗಿಯೇ ವಿರೂಪಾಪುರಗಡ್ಡೆಯಲ್ಲಿ ಒಂದು ಒಳ್ಳೆಯ ಹಾರರ್ ಸಿನಿಮಾ ಆಗಬೇಕೆಂಬುದು ನನ್ನ ಆಸೆ. ಗಂಗಾವತಿ ತಾಲ್ಲೂಕಿನ ಈ ನಡುಗಡ್ಡೆಗೂ ಹಂಪಿಗೂ ನಡುವೆ ಇರುವುದು ತುಂಗಭದ್ರೆ ಮಾತ್ರ. ವಿರೂಪಾಕ್ಷನ ಗೋಪುರ ಕಣ್ಣೆದುರೇ ಇದೆ. ದೋಣಿ ನಿಂತಿತೋ, ಅದೇ ಗೋಪುರ ಮುಟ್ಟಲು ಮೈಲಿಗಟ್ಟಲೆ ಸುತ್ತಬೇಕು.

ಇಲ್ಲಿ ಭಯ ಬಿಸಿಲಲ್ಲೇ ಬರುತ್ತದೆ. ನೆತ್ತಿಯ ಮೇಲೆ ಒಂದು ಮೋಡವಿಲ್ಲ, ಬಂಡೆಗಳು ಕಾದಿವೆ, ಭತ್ತದ ಗದ್ದೆ ಅಲುಗುತ್ತಿಲ್ಲ. ಆದರೆ ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟಗಳಲ್ಲಿ ಸುರಿದ ಮಳೆ ಹೊಸಪೇಟೆಯ ಜಲಾಶಯ ತುಂಬಿಸಿರುತ್ತದೆ. ಕ್ರೆಸ್ಟ್‌ಗೇಟ್ ಎತ್ತುತ್ತಾರೆ. ‘ಡ್ಯಾಮಿಂದ ನೀರು ಬಿಟ್ಟಾರಂತ’ ಎಂಬ ಮಾತು ಮೊದಲು ಬರುತ್ತದೆ, ನೀರು ಆಮೇಲೆ. ಆ ನಡುವಿನ ಹೊತ್ತಿದೆಯಲ್ಲ, ಯಾವ ದೆವ್ವವೂ ಅದಕ್ಕಿಂತ ಚೆನ್ನಾಗಿ ಕಾಯಿಸಲಾರದು. ಹರಿಗೋಲುಗಳು ದಡ ಸೇರಿ ಬೋರಲಾಗುತ್ತವೆ. ಬೆಳಿಗ್ಗೆ ಬಟ್ಟೆ ಒಗೆದ ಕಲ್ಲು ಮಧ್ಯಾಹ್ನ ಕಾಣುವುದಿಲ್ಲ. ಬಂಡೆಗಳ ಸಂದಿಯಲ್ಲಿ ನುಗ್ಗುವ ನೀರಿನ ಮೊರೆತ ಯಾವ ದಿಕ್ಕಿನದೆಂದು ಹೊಸಬರಿಗೆ ತಿಳಿಯದು.

ಇದು ಕಲ್ಪನೆಯಲ್ಲ. 2019ರ ಆಗಸ್ಟ್ ನೆರೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಗಡ್ಡೆಯಲ್ಲಿ ಸಿಕ್ಕಿಬಿದ್ದರು, ಹೆಲಿಕಾಪ್ಟರ್ ತರಿಸಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ರೆಸಾರ್ಟ್‌ಗಳನ್ನು ಕೆಡವಲಾಯಿತು. ಸಂಗೀತ, ದೀಪ, ಗಿಜಿಗುಡುವ ಜನ ಇದ್ದ ಜಾಗ ಕೆಲವೇ ದಿನಗಳಲ್ಲಿ ಬರಿದಾಯಿತು. ಬದುಕು ಕಳೆದುಕೊಂಡವರ ಸಂಕಟವನ್ನು ಸಿನಿಮಾ ಬರೀ ಹಿನ್ನೆಲೆಯಾಗಿ ಬಳಸಬಾರದು.

ನಿರ್ದೇಶಕರಲ್ಲಿ ನನ್ನದೊಂದೇ ಕೋರಿಕೆ: ಇಲ್ಲಿಗೆ ಮಂಜಿನ ಯಂತ್ರ ತರಬೇಡಿ. ಕ್ಯಾಮೆರಾ ನದಿ ದಡದ ಒಂದೇ ಬಂಡೆಯ ಮೇಲಿರಲಿ, ಮಧ್ಯಾಹ್ನದ ಬೆಳಕಿರಲಿ. ಕಥೆ ಬರೆಯುವ ಮುಂಚೆ ದೋಣಿ ನಡೆಸುವವರ ಹತ್ತಿರ ಕೂತು, ನೀರು ಎಲ್ಲಿಗೆ ಬಂದರೆ ಹುಟ್ಟು ಎತ್ತಿಡುತ್ತಾರೆಂದು ಕೇಳಿ.